ತಿರುಮಲಮ್ಮನವರು ತಡೆದ ಒಂದು ಮಾತು

ಮಳವಳ್ಳಿ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳ ಓದಿನ ಮಾತೆತ್ತಿದರೆ, ಈ ವರ್ಷ, ೧೯೯೦ರಲ್ಲಿ, ನಿವೃತ್ತರಾಗುತ್ತಿರುವ ಮುಖ್ಯೋಪಾಧ್ಯಾಯಿನಿ ತಿರುಮಲಮ್ಮನವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಓದು ಬಿಟ್ಟ ಹುಡುಗಿಯರನ್ನು ಗದ್ದೆಯ ಬದುವಿನಿಂದ, ಸೌದೆಹೊರೆಯ ಕೆಳಗಿನಿಂದ, ಒಲಿಸಿಯೂ ಗದರಿಯೂ ಮತ್ತೆ ಶಾಲೆಗೆ ಕರೆತಂದವರು ಅವರು.

೧೯೭೦ರಲ್ಲಿ ಬೆಳಕವಾಡಿಗೆ ವರ್ಗವಾಗಿ ಬಂದಾಗ, ಚಲುವಮ್ಮನೆಂಬ ಹುಡುಗಿ ‘ಮೋಟನ ಮಗಳು’ ಎನ್ನಿಸಿಕೊಂಡು ಅಳುವುದನ್ನು ಕಂಡರು. ಅವಳ ತಂದೆ ಅಂಕಯ್ಯನವರ ಬಲಗೈ, ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಮಣಿಕಟ್ಟಿನವರೆಗೆ ಹೋಗಿತ್ತು. ‘ಅಂಗವಿಕಲರು ಎನ್ನಬೇಕು’ ಎಂದು ತಿರುಮಲಮ್ಮನವರು ಕಟ್ಟಪ್ಪಣೆ ಮಾಡಿದರು. ಶಾಲೆಯಲ್ಲಿ ‘ಮೋಟ’ ಎನ್ನುವುದು ನಿಂತಿತು; ಆಲೆಮನೆಯಲ್ಲಿ ನಿಲ್ಲಲಿಲ್ಲ. “ಲೇ ಮೋಟ, ಬಾರ್ಲಾ, ಪಾಕ ನೋಡು” ಎಂದು ಜೊತೆಗಾರ ಚಿಕ್ಕಣ್ಣ ಕೂಗಿದರೆ, “ಎರಡ್ ಕೈ ಇಟ್ಕಂಡು ನೀನೇನ್ಲಾ ಕಿಸ್ದಿದ್ದೀಯೆ” ಎಂದು ಅಂಕಯ್ಯನವರು ನಗುತ್ತಲೇ ಬರುತ್ತಿದ್ದರು. ಆ ನಗು ತಿರುಮಲಮ್ಮನವರಿಗೆ ಬಹುಕಾಲ ಅರ್ಥವಾಗಲಿಲ್ಲ.

೧೯೭೬ರಲ್ಲಿ ಚಲುವಮ್ಮನಿಗೆ ಮದ್ದೂರು ಕಡೆಯ ಮರಿಸಿದ್ದಯ್ಯನವರ ಮಗನ ಸಂಬಂಧ ಕುದುರಿಸಿದವರೂ ಅವರೇ. ಹುಡುಗಿಗೆ ಮತ್ತೆ ನೋವಾಗದಿರಲೆಂದು ತಂದೆಯ ಕೈಯ ವಿಷಯ ಬಾಯಿಬಿಡಲಿಲ್ಲ. ನಿಶ್ಚಿತಾರ್ಥಕ್ಕೆ ವೀಳ್ಯ ಬದಲಾಯಿಸುವ ದಿನ ಅಂಕಯ್ಯನವರಿಗೆ ಬಲಗೈ ಮುಚ್ಚುವಂತೆ ಶಾಲು ಹೊದೆಸಿ, ಇವತ್ತೊಂದು ದಿನ ‘ಮೋಟ’ ಎನ್ನಬೇಡವೆಂದು ಚಿಕ್ಕಣ್ಣನಿಗೂ ತಾಕೀತು ಮಾಡಿದರು. ಆದರೆ ವೀಳ್ಯದ ತಟ್ಟೆ ಬೀಗರ ಕೈಯಿಂದ ಬೀಗರ ಕೈಗೇ ಹೋಗಬೇಕಲ್ಲ! ಎಷ್ಟೋ ಮದುವೆ ಕಂಡಿದ್ದ ಅವರಿಗೆ ಅದು ಹೊಳೆದೇ ಇರಲಿಲ್ಲ.

ಶಾಲಿನಿಂದ ಎಡಗೈಯೊಂದೇ ಚಾಚಿತು. ಮರಿಸಿದ್ದಯ್ಯ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. “ಎಡಗೈಲಿ ವೀಳ್ಯ ಈಸ್ಕತೀರಾ? ಮನ್ಸಿಲ್ಲ ಅಂದ್ರೆ ಏಳ್ಬುಡಿ, ಎದ್ದೋಯ್ತೀವಿ.”

ಅಂಕಯ್ಯನವರು ಶಾಲು ಕಿತ್ತೆಸೆದರು. “ಮೋಟ ಕಣ್ ಬೀಗ್ರೆ ನಾನು. ಗಾಣ ತಿನ್ಕತು.”

“ಕೈ ಓಗಿರೋದ್ಕಲ್ಲ. ಮುಚ್ಚಿಟ್ರಲ್ಲ! ಇನ್ನೇನೇನ್ ಮುಚ್ಚಿಟ್ಟಿದ್ದೀರೋ” ಎಂದು ಮರಿಸಿದ್ದಯ್ಯ ಎದ್ದೇಬಿಟ್ಟರು. ಚಲುವಮ್ಮ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ತಿರುಮಲಮ್ಮನವರು ಅಷ್ಟು ಜನರ ನಡುವೆ ಎದ್ದು ನಿಂತು, “ಮುಚ್ಚಿಸಿದವಳು ನಾನು. ಆ ಕೈಗೆ ನಾಚಿಕೊಂಡವಳೂ ನಾನೇ, ಅವರಲ್ಲ. ನನ್ನ ಮೇಲಿನ ಸಿಟ್ಟಿಗೆ ಹುಡುಗಿಯನ್ನು ಬಿಡಬೇಡಿ” ಎಂದು ಕೈಮುಗಿದರು.

“ನನ್ ಬಾಯ್ಗೂ ಶಾಲು ಒದ್ಸಿದ್ರು ಕಣಣ್ಣೋ” ಎಂದ ಚಿಕ್ಕಣ್ಣ. ಮರಿಸಿದ್ದಯ್ಯನವರಿಗೆ ನಗು ತಡೆಯಲಾಗಲಿಲ್ಲ. ತಟ್ಟೆಯನ್ನು ಅಂಕಯ್ಯನವರ ಅಂಗೈಗೂ ಮೊಂಡುಗೈಗೂ ಆನಿಸಿ, “ಈಸ್ಕಳಿ ಬೀಗ್ರೆ, ನಾನೂ ಇಡ್ಕಂಡಿವ್ನಿ” ಎಂದು, ಅದು ಅಲುಗದೆ ನಿಲ್ಲುವ ತನಕ ಅಡಿಗೆ ಕೈ ಕೊಟ್ಟರು.

ಆಮೇಲೂ ತಿರುಮಲಮ್ಮನವರು ಮಕ್ಕಳಿಗೆ ‘ಮೋಟ’ ಎಂಬ ಮಾತನ್ನು ಬಿಟ್ಟುಕೊಡಲಿಲ್ಲ. “ಅಂಕಯ್ಯನವರು ಅನ್ನಬಹುದು, ಅವರ ಜೊತೆ ಗಾಣಕ್ಕೆ ಕಬ್ಬು ಕೊಟ್ಟವರು ಅನ್ನಬಹುದು. ನೀವು ಹೆಸರು ಹಿಡಿದು ಕೂಗಿ” ಎನ್ನುತ್ತಿದ್ದರು. ತಮ್ಮ ‘ಅಂಗವಿಕಲ’ವನ್ನೂ ಅರ್ಜಿ ಬರೆಯುವಾಗಷ್ಟೇ ಬಳಸಿದರು.

ಇನ್ನು ಮುಂದೆ, ಆಲೆಮನೆಗಳಲ್ಲಿ ಕೈ ಕಳೆದುಕೊಂಡು ಮಂಡ್ಯದ ಆಸ್ಪತ್ರೆ ಸೇರುವವರ ಮಗ್ಗುಲಲ್ಲಿ ಕೂತು ಬರುತ್ತೇನೆ ಎಂದಿದ್ದಾರೆ. ತಮ್ಮನ್ನು ಏನೆಂದು ಕರೆಯಬೇಕೆಂದು ಆ ಗಾಯಾಳುಗಳೇ ಬಾಯಿಬಿಡುವವರೆಗೆ ಕಾಯುವ ತಾಳ್ಮೆ ಈಗ ತಿರುಮಲಮ್ಮನವರಿಗಿದೆ. ಕಾಯಲು ಬೇಕಾದಷ್ಟು ಆಯುಸ್ಸನ್ನೂ ಕಸುವನ್ನೂ ವೈದ್ಯನಾಥೇಶ್ವರನು ಕರುಣಿಸಲಿ.