ಲಟ್ಟಣಿಗೆಯ ತೀರ್ಪು

"ಆರ್ಡರ್, ಆರ್ಡರ್" ಎನ್ನುತ್ತಾ ನಾನು ಲಟ್ಟಣಿಗೆಯಿಂದ ಊಟದ ಮೇಜು ಕುಟ್ಟಿದಾಗ ವಿದೇಶದ ಜಾನ್ಸನ್‌ವಿಲ್ ಎಂಬ ಊರಿನ ನಮ್ಮ ಮನೆ ತುಂಬಾ ನಗು. ಎದುರಿಗೆ ಕೈಕಟ್ಟಿ ನಿಂತಿದ್ದವಳು ಎಂಟು ವರ್ಷದ ನನ್ನ ಮಗಳು. ಊಟಕ್ಕೆ ಬಂದಿದ್ದ ನನ್ನ ಗೆಳತಿಯ ಮಗ ತಂದಿದ್ದ ಆಟದ ಕಾರು ಅವಳ ಕಾಲಿಗೆ ಸಿಕ್ಕಿ ಮುರಿದಿತ್ತು.

ಅದಕ್ಕೆ ಸ್ವಲ್ಪ ಮುಂಚೆ ಎಲ್ಲರೂ ಟಿವಿಯಲ್ಲಿ ಅಮೆರಿಕದ ಕೋರ್ಟ್ ಶೋ ನೋಡುತ್ತಿದ್ದೆವು. ಕೇಸು ಸೋತು ದುಡ್ಡು ಕಟ್ಟಬೇಕಾಗಿದ್ದ ಹೆಂಗಸಿಗೆ ಜಡ್ಜ್ ಹಿಗ್ಗಾಮುಗ್ಗಾ ಬೈಯುತ್ತಿದ್ದರು. "ಪಾಪ, ಅಷ್ಟು ದುಡ್ಡು ಎಲ್ಲಿಂದ ತರ್ತಾಳೋ" ಎಂದಳು ಗೆಳತಿ. "ಅವಳ್ಯಾಕೆ ತರ್ಬೇಕು? ಅದು ನಿಜವಾದ ಕೋರ್ಟೇ ಅಲ್ಲ ಕಣೆ. ಇಬ್ರೂ ಒಪ್ಪಿ ಸ್ಟುಡಿಯೋಗೆ ಬರ್ತಾರೆ, ತೀರ್ಪಿನ ದುಡ್ಡು ಶೋನವರೇ ಕೊಡ್ತಾರೆ" ಎಂದು ನಾನು ಜಾಣತನ ಮೆರೆದಿದ್ದೆ.

ಅದೇ ಹುರುಪಿನಲ್ಲಿ ಮಗಳನ್ನೂ ಆ ಜಡ್ಜ್ ಧಾಟಿಯಲ್ಲಿ ಗದರಿಸಿ ತೀರ್ಪು ಕೊಟ್ಟೆ. ಹೊಸ ಕಾರು ಕೊಡಿಸಬೇಕು, ದುಡ್ಡು ಅಪ್ಪನದು. ನನ್ನ ಗಂಡ ಪರ್ಸ್ ತೆಗೆದು ತಲೆಬಾಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಅಂದು ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿಕೊಂಡು ಹೇಳಿದಳು. "ದುಡ್ಡು ಅಪ್ಪ ಕೊಡ್ತಾರೆ. ಆದ್ರೆ ಎಲ್ಲರೂ ನಕ್ಕಿದ್ದು ನನ್ನ ನೋಡಿ."

ಟಿವಿಯಲ್ಲಿ ತಲೆತಗ್ಗಿಸಿ ನಿಂತಿದ್ದ ಆ ಹೆಂಗಸು ಆಗ ನನಗೆ ನೆನಪಾದಳು.

ಚಪಾತಿ ಲಟ್ಟಿಸುವಾಗ ಮಗಳು ಅಡುಗೆಮನೆಗೆ ಬಂದರೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಲಟ್ಟಣಿಗೆಯನ್ನು ಸದ್ದಾಗದಂತೆ ಮೆಲ್ಲಗೆ ಕೆಳಗಿಡುತ್ತೇನೆ.