ಹವಳಗಾ ದಾಟಿದ ಮೇಲೆ

ಹವಳಗಾ ದಾಟುತ್ತಲೇ ನಮ್ಮ ಹಳೆಯ ಬಾಡಿಗೆ ಜೀಪಿನ ಬಾನೆಟ್ಟಿನಿಂದ ಹಬೆ ಎದ್ದಿತು. ರೇಡಿಯೇಟರಿನ ಪೈಪು ಸೀಳಿತ್ತು. ಚಾಲಕ ಮಹಾದೇವಪ್ಪ ಅದಕ್ಕೆ ರಬ್ಬರ್ ಟ್ಯೂಬಿನ ಚೂರು ಸುತ್ತಿ ಬಿಗಿದ. ಜೀಪಿನಲ್ಲಿ ನನ್ನ ಪಕ್ಕ ಕೂತಿದ್ದ ಶಾಂತಮ್ಮ ಅಫಜಲಪುರದ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದ ತಂಗಿಯನ್ನು ನೋಡಲು ಹೊರಟಿದ್ದಳು. ಕುಡಿಯುವ ನೀರಿನ ಬಾಟಲಿ ಚಾಚಿ, "ಇದನ್ನ ಹಾಕ್ರಿ, ಲಗೂ ನಡೀರಿ" ಎಂದಳು.

"ಈಗ ಮುಚ್ಚಳ ತೆಗದ್ರ ಹಬಿ ಸಿಡಿದು ಮಾರಿ ಸುಡ್ತದ್ರಿ. ಆರೋತನಕ ಕಾಯಬೇಕು."

ಬಿಸಿಲಲ್ಲಿ ಕಾದೆವು. ಅವಳು ತನ್ನ ಸೆರಗಿನಿಂದ ಇಂಜಿನ್ನಿಗೆ ಗಾಳಿ ಬೀಸುತ್ತಲೇ ಇದ್ದಳು. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಕೇಳಿಸಿಕೊಂಡು ಇಟ್ಟವಳು, ಬೀಸುತ್ತಿದ್ದ ಸೆರಗನ್ನು ಹೆಗಲಿಗೆ ಹಾಕಿಕೊಂಡಳು.

ಮಹಾದೇವಪ್ಪ ನೀರು ತುಂಬಿ ಗಾಡಿ ಚಾಲೂ ಮಾಡಿದ. "ಹತ್ರಿ ಅಕ್ಕಾ, ಸೀದಾ ದವಾಖಾನಿಗಿ ಬಿಡ್ತೇನಿ."

"ದವಾಖಾನಿ ಬ್ಯಾಡ್ರಿ," ಎಂದಳು ಶಾಂತಮ್ಮ. "ತಂಗಿ ಮನಿಗಿ ನಡೀರಿ. ಆಕಿನ್ನ ಅಲ್ಲಿಗೇ ತರಾಕತ್ತಾರಂತ."