ಒಳಗಿನ ಚಿಲಕ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಕನೀಜ್ ಅಷ್ಟು ಸುಲಭಕ್ಕೆ ಜಗ್ಗುವ ಹೆಂಗಸಲ್ಲ. 2006ರಲ್ಲಿ ಗಂಡ ಮಾಜಿದ್ ಜೊತೆ ಜಪಾನಿಗೆ ಹೊರಟಾಗ, ಬಯಲಲ್ಲೇ ಬಿಸಿನೀರ ಬುಗ್ಗೆಯ ಸ್ನಾನವಿರುವ ಹಳೇ ಕಾಲದ ತಂಗುಮನೆಯನ್ನು ಆರಿಸುವ ಕೆಲಸ ಅವಳ ಪಾಲಿಗೆ ಬಂತು. ಬೆಟ್ಟ ಕಾಣುತ್ತದೆ, ಊಟ ಸೊಗಸು ಎಂದು ಕೊಚ್ಚಿಕೊಂಡ ತಂಗುಮನೆಯವರಿಗೆಲ್ಲ ಅವಳು ಒಂದೇ ಪ್ರಶ್ನೆ ಮೇಲ್ ಮಾಡಿದಳು: ಸ್ನಾನದ ಅಂಗಳಕ್ಕೆ ಒಳಗಿನಿಂದ ಚಿಲಕ ಇದೆಯೇ?

"ಇಷ್ಟು ವರ್ಷ ಸ್ವೀಡನ್‌ನಲ್ಲಿದ್ದೂ ನಾಚ್ಕೆನಾ? ನಮ್ಮ ಆಫೀಸಿನವ್ರು ಸೌನಾ ಹಬೆಕೋಣೆಯಿಂದ ಬರಿಮೈಲೇ ಸಮುದ್ರಕ್ಕೆ ಹಾರ್ತಾರೆ," ಎಂದು ಮಾಜಿದ್ ನಕ್ಕ.

"ನೀವೂ ಹಾರಿದ್ರಾ?"

"ನಂಗೆ ಅವತ್ತು ಶೀತ ಆಗಿತ್ತು."

ಕೊನೆಗೂ ಚಿಲಕವಿದ್ದ ತಂಗುಮನೆಯೊಂದು ಸಿಕ್ಕಿತು. ಅಲ್ಲಿಗೆ ತಲುಪಿದ ಸಂಜೆ ಮೊದಲು ಸ್ನಾನಕ್ಕೆ ಹೋದವನು ಮಾಜಿದ್. ನೀರಿನ ಹಬೆ ನೋಡುವ ಆಸೆಯಿಂದ ಕನೀಜ್ ಬಾಗಿಲು ತಳ್ಳಿದಳು. ಚಿಲಕ ಹಾಕಿತ್ತು.

"ನಾನು ರೀ!"

ಅವಳ ಮೂರು ಮಕ್ಕಳ ತಂದೆ ಒಳಗಿನಿಂದ ಕೂಗಿದ: "ಇರು, ಟವೆಲ್ ಸುತ್ಕೋತೀನಿ!"